ನಮೀಬ್ ಮರಳುಗುಡ್ಡದಲ್ಲಿ ಮಂಜು ಕುಡಿಯೋ ಜೀರುಂಡೆ ನೋಡೋದು ಹೇಗೆ

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಜೀರುಂಡೆ ಹುಡುಕ್ಕೊಂಡು ಮರಳುಗುಡ್ಡದ ಮೇಲೆಲ್ಲ ಓಡಾಡ್ಬೇಡಿ. ಜಾಗ ನೋಡ್ಕೊಂಡು, ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ತಿಳ್ಕೊಂಡು, ಒಂದೇ ಕಡೆ ಸುಮ್ನೆ ಕೂತ್ಕೊಳ್ಳಿ, ಅವೇ ಬರ್ತವೆ. ಇಷ್ಟು ಅರ್ಥ ಆಗೋಕೆ ನಂಗೆ ಮೂರು ಬೆಳಗಿನ ಜಾವ ಬೇಕಾಯ್ತು. ನಮ್ಮ ಭಾವ ವಾಲ್ವಿಸ್ ಬೇ ಊರಲ್ಲಿ ಕೆಲಸದಲ್ಲಿದ್ರು, ಅಕ್ಕ ಬಾ ಬಾ ಅಂತ ಕರೀತಾನೇ ಇದ್ಲು, ಹಾಗಾಗಿ ನಮೀಬಿಯಾಗೆ ಎರಡು ಸಲ ಹೋಗೋ ಅವಕಾಶ ಸಿಕ್ತು. ಎಲ್ರೂ ಆನೆ ಸಿಂಹ ಅಂತ ಎಟೋಶಾ ಕಡೆ ಹೋಗ್ತಾರೆ, ನಮ್ಮೋರಿಗೆ 2022ರಲ್ಲಿ ಕುನೋಗೆ ಚೀತಾ ಬಂದ ದೇಶ ಅಂದ್ರೇನೇ ಗುರುತು. ನಂಗೆ ಮಾತ್ರ ಆ ಕಪ್ಪು ಹುಳದ ಮೇಲೇ ಮನಸ್ಸು. ಯಾರಾದ್ರೂ ಆ ಕಡೆ ಹೋಗೋರಿದ್ರೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದೀನಿ.

ಯಾವ ಜೀರುಂಡೆ ಅಂತ ಮೊದಲು ಹೇಳ್ತೀನಿ. ಟೆನೆಬ್ರಿಯಾನಿಡೇ ಅನ್ನೋ ದೊಡ್ಡ ಕುಟುಂಬ ಇದೆ, ಇಂಗ್ಲಿಷಲ್ಲಿ ಡಾರ್ಕ್ಲಿಂಗ್ ಬೀಟಲ್ ಅಂತಾರೆ. ನಿಮ್ಮ ಮನೇಲೂ ಈ ಕುಟುಂಬದ್ದು ಒಂದು ಇದ್ದೇ ಇರತ್ತೆ: ಹಳೇ ಗೋಧಿಹಿಟ್ಟಿನ ಡಬ್ಬ ತೆಗೆದಾಗ ಸಣ್ಣ ಕೆಂಪು ಹುಳ ಓಡಾಡತ್ತಲ್ಲ, ಅಮ್ಮ ಜರಡಿ ಹಿಡಿದು ಬಿಸಿಲಿಗೆ ಹಾಕ್ತಾರಲ್ಲ, ಅದೇ. ಅಕ್ಕಿಯಲ್ಲಿ ಬರೋ ಸೊಂಡಿಲಿನ ಹುಳ ಅಲ್ಲ, ಅದು ಬೇರೆ ಜಾತಿ. ನಾನು ಹೇಳ್ತಿರೋದು ಹಿಟ್ಟಿನ ಕೆಂಪು ಹುಳ. ಅದಕ್ಕೆ ಕುಡಿಯೋಕೆ ನೀರು ಇಟ್ಟೋರು ಯಾರು? ಒಣ ಹಿಟ್ಟಲ್ಲೇ ಹುಟ್ಟಿ ಒಣ ಹಿಟ್ಟಲ್ಲೇ ಬದುಕತ್ತೆ. ನೀರು ಉಳಿಸೋದು ಈ ವಂಶಕ್ಕೇ ಬಂದಿರೋ ವಿದ್ಯೆ, ಮರುಭೂಮಿಯಲ್ಲಿ ಅದನ್ನೇ ಇನ್ನೂ ಪಕ್ಕಾ ಮಾಡ್ಕೊಂಡಿವೆ. ನಮೀಬ್ ಮರುಭೂಮಿ ಒಂದರಲ್ಲೇ ಇವುಗಳದ್ದು ಸುಮಾರು 200 ಜಾತಿ ಇದೆ. ಅಲ್ಲಿನ ಜನ ಎಲ್ಲಕ್ಕೂ ಸೇರಿಸಿ ಟಾಕ್‌ಟಾಕಿ ಅಂತಾರೆ, ಗಟ್ಟಿ ನೆಲದಲ್ಲಿರೋ ಕೆಲವು ಜಾತಿಗಳು ಜೋಡಿ ಕರಿಯೋಕೆ ಹೊಟ್ಟೆಯನ್ನ ನೆಲಕ್ಕೆ ಟಕ್ ಟಕ್ ಅಂತ ಬಡೀತವೆ, ಅದರಿಂದ ಬಂದ ಹೆಸರು. ಟೂರ್ ಗೈಡ್ ಹತ್ರ ಟಾಕ್‌ಟಾಕಿ ನೋಡ್ಬೇಕು ಅಂದ್ರೆ ಸಾಕು, ಅವರ ಮುಖ ಅರಳತ್ತೆ.

ಜಾಗದ ವಿಷ್ಯ. ಎಲ್ಲೆಲ್ಲೋ ಹುಡುಕೋದಕ್ಕಿಂತ ಗೊಬಾಬೆಬ್ ಕಡೆ ಹೋಗಿ. ಇದು ಕುಯಿಸೆಬ್ ಅನ್ನೋ ಬತ್ತಿದ ನದಿ ದಂಡೆ ಮೇಲಿರೋ ಸಂಶೋಧನಾ ಕೇಂದ್ರ, ವಾಲ್ವಿಸ್ ಬೇಯಿಂದ ಜಲ್ಲಿ ರಸ್ತೆಯಲ್ಲಿ ನೂರು ಕಿಲೋಮೀಟರ್ ಮೇಲೆ ಒಳಗೆ. 1962ರಲ್ಲಿ ಚಾರ್ಲ್ಸ್ ಕೋಚ್ ಅನ್ನೋ ಆಸ್ಟ್ರಿಯಾದ ವಿಜ್ಞಾನಿ ಈ ಜಾಗ ಆರಿಸ್ಕೊಂಡಿದ್ದು, ಅವರ ಇಡೀ ಜೀವನದ ವಿಷಯನೇ ಈ ಜೀರುಂಡೆ ಕುಟುಂಬ. ಯಾಕೆ ಅದೇ ಜಾಗ ಅಂತ ಅಲ್ಲಿ ನಿಂತ್ರೆ ಒಂದೇ ನಿಮಿಷದಲ್ಲಿ ಗೊತ್ತಾಗತ್ತೆ. ದಕ್ಷಿಣಕ್ಕೆ ನೋಡಿದ್ರೆ ಕೆಂಪು ಮರಳಿನ ಸಮುದ್ರ, ಉತ್ತರಕ್ಕೆ ನೋಡಿದ್ರೆ ಚಪ್ಪಟೆ ಜಲ್ಲಿ ಬಯಲು, ನಡುವೆ ಹಸಿರು ಮರಗಳ ಸಾಲಿನ ನದಿ. ನದೀಲಿ ವರ್ಷಕ್ಕೆ ಕೆಲವು ದಿನ ಮಾತ್ರ ನೀರು ಬರತ್ತೆ, ಆದ್ರೆ ಆ ಕೆಲವು ದಿನದ ಪ್ರವಾಹನೇ ಮರಳನ್ನ ಕೊಚ್ಚಿಕೊಂಡು ಹೋಗಿ ಗುಡ್ಡಗಳು ಉತ್ತರಕ್ಕೆ ದಾಟದ ಹಾಗೆ ತಡೆದಿದೆ. ಮೂರು ಥರದ ನೆಲ, ಮೂರರಲ್ಲೂ ಬೇರೆ ಬೇರೆ ಜೀರುಂಡೆ.

ಇದು ನಮೀಬ್-ನೌಕ್ಲುಫ್ಟ್ ನ್ಯಾಷನಲ್ ಪಾರ್ಕ್ ಒಳಗೆ ಬರೋದ್ರಿಂದ ಪರ್ಮಿಟ್ ಬೇಕು, ವಾಲ್ವಿಸ್ ಬೇ ಅಥವಾ ಸ್ವಾಕೊಪ್ಮುಂಡ್‌ನಲ್ಲೇ ತಗೊಂಡು ಹೊರಡಿ. ಕೇಂದ್ರದಲ್ಲಿ ಉಳ್ಕೋಬೇಕು ಅಂದ್ರೆ ಮುಂಚೆನೇ ಇಮೇಲ್ ಮಾಡಿ ಕೇಳಿ, ಯಾವ ಗುಡ್ಡಕ್ಕೆ ಹೋಗ್ಬಹುದು ಯಾವುದಕ್ಕೆ ಹೋಗ್ಬಾರದು ಅಂತ ಅವರೇ ಹೇಳ್ತಾರೆ, ಅದನ್ನ ಮೀರ್ಬೇಡಿ, ಯಾಕಂದ್ರೆ ಹತ್ತಾರು ವರ್ಷದಿಂದ ನಡೀತಿರೋ ಲೆಕ್ಕ ಅಲ್ಲಿದೆ. ನೆಲಮಟ್ಟಕ್ಕೆ ಹೂತಿರೋ ಲೋಟದ ಥರದ್ದು ಕಂಡ್ರೆ ಕೈ ಹಾಕ್ಬೇಡಿ, ಅದು ಜೀರುಂಡೆ ಎಣಿಸೋಕೆ ಇಟ್ಟಿರೋ ಬಲೆ. ಅಷ್ಟು ದೂರ ಆಗಲ್ಲ ಅನ್ನೋರಿಗೆ ಸ್ವಾಕೊಪ್ಮುಂಡ್ ಮತ್ತು ವಾಲ್ವಿಸ್ ಬೇ ನಡುವಿನ ಕರಾವಳಿ ಗುಡ್ಡಗಳಲ್ಲಿ ಬೆಳಿಗ್ಗೆ ಹೊತ್ತು ಸಣ್ಣ ಜೀವಿ ತೋರಿಸೋ ಟೂರ್‌ಗಳಿವೆ, ಅರ್ಧ ದಿನದ್ದು, ಮಕ್ಕಳಿದ್ರೆ ಅದೇ ಬೆಸ್ಟ್. ಸೊಸುಸ್‌ವ್ಲೇ ಅನ್ನೋ ಮರಳುಗುಡ್ಡಗಳ ಟೂರಿಸ್ಟ್ ಜಾಗದಲ್ಲೂ ಓಡೋ ಜಾತಿಗಳು ಚೆನ್ನಾಗಿ ಸಿಗ್ತವೆ, ಆದ್ರೆ ಮಂಜು ನಂಬ್ಕೊಂಡು ಅಲ್ಲಿಗೆ ಹೋಗ್ಬೇಡಿ.

ಈಗ ಮಂಜಿನ ವಿಷ್ಯಕ್ಕೆ ಬರೋಣ, ಇದೇ ಮುಖ್ಯ. ಗೊಬಾಬೆಬ್‌ನಲ್ಲಿ ಮಳೆ ವರ್ಷಕ್ಕೆ 25 ಮಿಲಿಮೀಟರ್ ಆಸುಪಾಸು, ಆಗುಂಬೆಯಲ್ಲಿ ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಬೀಳೋವಷ್ಟು. ಆದ್ರೆ ಮಂಜು ವರ್ಷಕ್ಕೆ ಸುಮಾರು 60 ದಿನ ಬರತ್ತೆ. ಅಟ್ಲಾಂಟಿಕ್ ಕಡಲಲ್ಲಿ ದಕ್ಷಿಣದಿಂದ ಬೆಂಗ್ವೆಲಾ ಅನ್ನೋ ತಣ್ಣನೆ ಪ್ರವಾಹ ಹರಿಯತ್ತೆ, ಅದರ ಮೇಲಿನ ಗಾಳಿ ತಣ್ಣಗಾಗಿ ಮಂಜು ಕಟ್ಟತ್ತೆ, ರಾತ್ರಿ ಹೊತ್ತಲ್ಲಿ ಒಳನಾಡಿಗೆ ತೇಲ್ಕೊಂಡು ಬರತ್ತೆ. ಮಡಿಕೇರಿ ಮಂಜಿನ ಥರ ದಿನವಿಡೀ ಇರಲ್ಲ, ನಡುರಾತ್ರಿ ಮೇಲೆ ಬಂದು ಬಿಸಿಲೇರೋ ಹೊತ್ತಿಗೆ ಖಾಲಿ. ಹಾಗಾಗಿ ಕನಿಷ್ಠ ನಾಲ್ಕು ರಾತ್ರಿ ಇಟ್ಕೊಳ್ಳಿ, ಒಂದು ರಾತ್ರಿಗೆ ಹೋಗಿ ಮಂಜು ಸಿಗ್ಲಿಲ್ಲ ಅಂತ ಬೇಜಾರಾಗೋದು ಬೇಡ.

ಮಂಜಲ್ಲಿ ತಲೆಕೆಳಗಾಗಿ ನಿಂತು ನೀರು ಕುಡಿಯೋ ಜೀರುಂಡೆ ಅಂತ ವೀಡಿಯೋ ನೋಡಿರ್ತೀರಲ್ಲ, ಅದರ ಹೆಸರು ಒನಿಮ್ಯಾಕ್ರಿಸ್ ಅಂಗ್ವಿಕ್ಯುಲಾರಿಸ್. ವಿಲಿಯಂ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ ಅವರು 1976ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ್ರು. ಮಾಮೂಲಿಯಾಗಿ ಇದು ಹಗಲಲ್ಲಿ ಓಡಾಡೋ ಜೀವಿ, ರಾತ್ರಿ ಗುಡ್ಡದ ಮರಳೊಳಗೆ ಹೂತ್ಕೊಂಡು ಮಲಗತ್ತೆ. ಮಂಜು ಬಂದ ರಾತ್ರಿ ಮಾತ್ರ, ಆ ಕೊರೆಯೋ ಚಳೀಲಿ, ಮೈ ಸರಿಯಾಗಿ ಆಡದಿದ್ರೂ ಎದ್ದು ನಿಧಾನಕ್ಕೆ ಗುಡ್ಡದ ನೆತ್ತಿಗೆ ಹತ್ತತ್ತೆ. ಗಾಳಿಗೆ ಮುಖ ಮಾಡಿ, ತಲೆ ತಗ್ಗಿಸಿ, ಹಿಂದಿನ ಕಾಲು ನೀಟಿ ನಿಲ್ಲತ್ತೆ. ಮಂಜಿನ ಹನಿ ಬೆನ್ನ ಮೇಲೆ ಕೂತು, ಒಂದಕ್ಕೊಂದು ಸೇರಿ ದಪ್ಪ ಆಗಿ, ಜಾರ್ಕೊಂಡು ನೇರ ಬಾಯಿಗೆ. ಒಂದೇ ಬೆಳಗಲ್ಲಿ ತನ್ನ ತೂಕದ 34% ವರೆಗೂ ನೀರು ಕುಡಿದಿದ್ದನ್ನ ಅವರು ತೂಗಿ ನೋಡಿದ್ದಾರೆ, ಸರಾಸರಿ ತಗೊಂಡ್ರೆ 12%. ಅರವತ್ತು ಕೆಜಿ ಮನುಷ್ಯ ಬೆಳಿಗ್ಗೆ ಎದ್ದು ಇಪ್ಪತ್ತು ಲೀಟರ್ ಕುಡಿದ ಹಾಗಾಯ್ತು, ಲೆಕ್ಕ ಹಾಕಿ.

ಇಲ್ಲೊಂದು ಎಚ್ಚರ. ಇಂಟರ್ನೆಟ್‌ನಲ್ಲಿ ನೂರು ಕಡೆ ಸ್ಟೆನೊಕಾರಾ ಅನ್ನೋ ಹೆಸರು, ಬೆನ್ನ ಮೇಲೆ ಗುಬುಟು ಗುಬುಟು ಇರೋ ಜೀರುಂಡೆ ಫೋಟೋ ನೋಡಿರ್ತೀರ. 2001ರಲ್ಲಿ ನೇಚರ್‌ನಲ್ಲೇ ಬಂದ ಇನ್ನೊಂದು ಲೇಖನದಿಂದ ಅದು ಫೇಮಸ್ ಆಯ್ತು, ಗುಬುಟಿನ ತುದಿಗೆ ನೀರು ಅಂಟತ್ತೆ, ನಡುವಿನ ಮೇಣದ ಜಾಗದಲ್ಲಿ ಜಾರತ್ತೆ ಅಂತ, ಅದನ್ನ ನೋಡಿ ಮಂಜಿಂದ ನೀರು ಹಿಡಿಯೋ ವಸ್ತುಗಳನ್ನ ಮಾಡೋಕೆ ಶುರು ಮಾಡಿದ್ರು. ಆ ಮೇಲ್ಮೈ ಐಡಿಯಾ ಒಳ್ಳೇದೇ. ಆದ್ರೆ 2010ರಲ್ಲಿ ನಾಲ್ಕು ಜಾತಿಗಳನ್ನ ಕೃತಕ ಮಂಜಲ್ಲಿ ಬಿಟ್ಟು ನೋಡಿದಾಗ ತಲೆ ತಗ್ಗಿಸಿ ನಿಂತಿದ್ದು ಅಂಗ್ವಿಕ್ಯುಲಾರಿಸ್ ಒಂದೇ, ಗುಬುಟು ಬೆನ್ನಿನವು ನಿಲ್ಲಲೇ ಇಲ್ಲ. ನಿಜವಾಗ್ಲೂ ನಿಲ್ಲೋದ್ರ ಬೆನ್ನು ಹೆಚ್ಚು ಕಡಿಮೆ ನುಣುಪು. ಹಾಗಾಗಿ ಗುಬುಟು ಬೆನ್ನು ಹುಡುಕ್ತಾ ಕೂತ್ರೆ ಎದುರಲ್ಲೇ ಇರೋದನ್ನ ಬಿಟ್ಬಿಡ್ತೀರ. ಈ ಥರ ನಿಲ್ಲೋ ಇನ್ನೊಂದು ಜಾತಿ ಒನಿಮ್ಯಾಕ್ರಿಸ್ ಬೈಕಲರ್, ಅದರ ಬೆನ್ನು ಬಿಳಿ, ಆದ್ರೆ ಅದು ಉತ್ತರದ ನಮೀಬ್‌ನಲ್ಲಿರೋದು, ಗೊಬಾಬೆಬ್‌ನಲ್ಲಿ ಹುಡುಕ್ಬೇಡಿ. ಇನ್ನೊಂದು ವಿಷ್ಯ, ಕಂಬದ ಥರ ನೆಟ್ಟಗೆ ನಿಲ್ಲತ್ತೆ ಅಂದ್ಕೋಬೇಡಿ, ಓರೆಯಾಗಿ ಸುಮಾರು 23 ಡಿಗ್ರಿ ಅಷ್ಟೇ. ಮಬ್ಬಲ್ಲಿ ನೋಡಿದ್ರೆ ಸುಮ್ನೆ ಕೂತಿದೆ ಅಂತಾನೇ ಅನ್ನಿಸತ್ತೆ. ಹಿಂಭಾಗ ಎತ್ತಿದೆಯಾ, ಮೂತಿ ಮರಳ ಹತ್ರ ಇದೆಯಾ ಅಂತ ಗಮನಿಸಿ.

ಇನ್ನು ಕೂರೋ ಜಾಗ. ಮರಳುಗುಡ್ಡಕ್ಕೆ ಎರಡು ಮುಖ. ಗಾಳಿ ಬಡಿಯೋ ಕಡೆ ಇಳಿಜಾರು ಕಮ್ಮಿ, ಮರಳು ಗಟ್ಟಿ. ಇನ್ನೊಂದು ಕಡೆ ಕಡಿದು, ಸುಮಾರು 32ರಿಂದ 34 ಡಿಗ್ರಿ, ಕಾಲಿಟ್ರೆ ಸಾಕು ಸೊರ್ರನೆ ಜಾರತ್ತೆ, ಅದನ್ನ ಸ್ಲಿಪ್‌ಫೇಸ್ ಅಂತಾರೆ. ನಾವು ಟೂರಿಸ್ಟ್‌ಗಳು ಖುಷಿಯಿಂದ ಜಾರೋದು ಈ ಮುಖದಲ್ಲೇ, ಆದ್ರೆ ಜೀರುಂಡೆ ಮಲಗಿರೋದೂ ಇಲ್ಲೇ. ಅದರ ಊಟ ಶೇಖರ ಆಗೋದೂ ಇದರ ಬುಡದಲ್ಲೇ: ಗಾಳಿ ಎಲ್ಲೆಲ್ಲಿಂದಲೋ ತಂದ ಒಣಹುಲ್ಲಿನ ಚೂರು, ಬೀಜ, ಸತ್ತ ಹುಳ ಎಲ್ಲ ಬಂದು ಇಲ್ಲಿ ಬೀಳತ್ತೆ. ಮರಳ ಮೇಲೆ ಕಂದು ಗೆರೆ ಥರ ಕಸ ಕೂತಿರತ್ತಲ್ಲ, ನಾವು ತುಳ್ಕೊಂಡು ಹೋಗೋದು, ಇಡೀ ಗುಡ್ಡದ ಜೀವಸಂಕುಲಕ್ಕೆ ಅದೇ ಅನ್ನ. ದಯವಿಟ್ಟು ತುಳೀಬೇಡಿ, ಜಾರ್ಬೇಡಿ, ಮಕ್ಕಳಿಗೂ ಹೇಳಿ.

ನಾನು ಮೊದಲನೇ ಬೆಳಿಗ್ಗೆ ಮಾಡಿದ ತಪ್ಪು ಇದೇ. ಹೆಡ್‌ಟಾರ್ಚ್ ಬಿಳಿ ಲೈಟ್ ಹಾಕ್ಕೊಂಡು ಸ್ಲಿಪ್‌ಫೇಸ್ ಕಡೆಯಿಂದ ಹತ್ತಿದೆ, ಮೇಲೆ ತಲುಪೋವಷ್ಟರಲ್ಲಿ ಅರ್ಧ ಗುಡ್ಡದ ಮರಳು ಜಾರಿತ್ತು, ನೆತ್ತಿ ಮೇಲೆ ಏನೂ ಇರ್ಲಿಲ್ಲ. ಎರಡನೇ ದಿನ ಮಂಜೇ ಬರ್ಲಿಲ್ಲ. ಮೂರನೇ ದಿನ ಗಾಳಿಗೆ ಅಡ್ಡ ಕೂತೆ. ಆಮೇಲೆ ಅಲ್ಲೇ ನದಿ ದಂಡೆ ಹಳ್ಳಿಯ ಒಬ್ಬ ಹಿರಿಯರು ನಾನು ಒದ್ದಾಡೋದನ್ನ ನೋಡಿ, ಕೈಸನ್ನೆ ಮಾಡಿ ಗಾಳಿಯ ಪಕ್ಕಕ್ಕೆ ಕರ್ಕೊಂಡು ಹೋಗಿ ಕೂರಿಸಿದ್ರು. ಅವರು ಟಾಪ್ನಾರ್ ಸಮುದಾಯದವರು, ತಲೆತಲಾಂತರದಿಂದ ಅಲ್ಲಿರೋರು, ಗೊಬಾಬೆಬ್ ಅನ್ನೋ ಹೆಸರೂ ಅವರ ಭಾಷೆಯದ್ದೇ, ಅಂಜೂರದ ಮರ ಇರೋ ಜಾಗ ಅಂತ ಅರ್ಥ. ನಾಲ್ಕನೇ ಬೆಳಿಗ್ಗೆ ಏಳು ಜೀರುಂಡೆ ಸಾಲಾಗಿ ನಿಂತಿದ್ದು ಕಂಡೆ. ಮಂಜು, ಬೂದು ಬೆಳಕು, ಆ ಕಪ್ಪು ಬೆನ್ನಿನ ಮೇಲೆ ಒಂದೊಂದೇ ಹನಿ. ಉಸಿರಾಡೋಕೂ ಭಯ ಆಗ್ತಿತ್ತು, ಕಣ್ಣಲ್ಲಿ ನೀರು ಬಂತು ಅಂದ್ರೂ ತಪ್ಪಿಲ್ಲ.

ಸರಿ, ಅದರಿಂದ ಕಲ್ತಿದ್ದು ಇಷ್ಟು. ಹಿಂದಿನ ಸಂಜೆನೇ ಬೆಳಕಿದ್ದಾಗ ಗುಡ್ಡ ನೋಡಿ ಬನ್ನಿ, ಹತ್ತೋ ದಾರಿ ಗಾಳಿ ಬಡಿಯೋ ಗಟ್ಟಿ ಕಡೆಯಿಂದ ಗುರುತು ಮಾಡ್ಕೊಳ್ಳಿ. ಬೆಳಕು ಹರಿಯೋಕೆ ಒಂದು ಗಂಟೆ ಮುಂಚೆ ಹೊರಡಿ. ಟಾರ್ಚಿಗೆ ಕೆಂಪು ಫಿಲ್ಟರ್ ಹಾಕಿ, ಇಲ್ಲ ಅಂದ್ರೆ ಕೆಂಪು ಜಿಲೆಟಿನ್ ಹಾಳೆ ಎರಡು ಸುತ್ತು ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿ, ಕೆಂಪು ಬೆಳಕು ಹುಳಗಳಿಗೆ ಅಷ್ಟಾಗಿ ಕಾಣಲ್ಲ. ನೆತ್ತಿಗಿಂತ ಐದಾರು ಮೀಟರ್ ಕೆಳಗೆ ನಿಂತ್ಬಿಡಿ, ಬೆರಳು ಒದ್ದೆ ಮಾಡ್ಕೊಂಡು ಗಾಳಿ ದಿಕ್ಕು ನೋಡಿ, ಗಾಳಿ ಮತ್ತು ನೆತ್ತಿ ನಡುವೆ ನೀವು ಬರದ ಹಾಗೆ ಪಕ್ಕಕ್ಕೆ ಸರ್ಕೊಂಡು ಹೊಟ್ಟೆ ಮೇಲೆ ಮಲಗಿ. ಚಳಿ ಜಾಸ್ತಿ, ಮಂಜಲ್ಲಿ ಬಟ್ಟೆ ಒದ್ದೆ ಆಗತ್ತೆ, ರೈನ್‌ಕೋಟ್ ಹಾಕ್ಕೊಂಡು ಕೆಳಗೊಂದು ಪ್ಲಾಸ್ಟಿಕ್ ಶೀಟ್ ಹಾಸ್ಕೊಳ್ಳಿ, ಮರುಭೂಮಿ ಅಂತ ಬರೀ ಟೀಶರ್ಟ್ ತಗೊಂಡು ಹೋಗೋರೇ ಜಾಸ್ತಿ. ಚಳಿಗೆ ಮರಗಟ್ಟಿರೋ ಜೀರುಂಡೆ ಓಡೋಕಾಗಲ್ಲ, ಅದಕ್ಕೆ ಹತ್ರ ಹೋಗಿ ಮೊಬೈಲ್ ಹಿಡಿಯೋಕೆ ಆಸೆ ಆಗತ್ತೆ. ಹೋಗ್ಬೇಡಿ. ನೀವು ಅಲ್ಲಾಡಿಸಿದ್ರೆ ಅದು ಕುಡಿಯೋದನ್ನ ಬಿಟ್ಟು ಇಳಿದು ಹೋಗತ್ತೆ, ಮುಂದಿನ ಮಂಜು ಯಾವತ್ತೋ. ಹಾಗೇ ಫೋಟೋಗೋಸ್ಕರ ಸ್ಪ್ರೇ ಬಾಟಲಲ್ಲಿ ನೀರು ಚಿಮುಕಿಸೋ ಕೆಲಸ ಯಾರೂ ಮಾಡ್ಬೇಡಿ.

ಮಂಜು ಬಂದ ರಾತ್ರಿ ಇನ್ನೊಂದು ಅದ್ಭುತ ಇದೆ, ಇದನ್ನ ಹೆಚ್ಚಿನೋರು ನೋಡದೇ ವಾಪಸ್ ಬರ್ತಾರೆ. ಲೆಪಿಡೊಕೋರಾ ಅನ್ನೋ ಚಪ್ಪಟೆ ದುಂಡಗಿನ ಸಣ್ಣ ಜೀರುಂಡೆ, ಹಾರುವ ತಟ್ಟೆ ಥರ ಇರತ್ತೆ, ಇದು ರಾತ್ರಿಯದ್ದು. ಇದು ತಲೆ ತಗ್ಗಿಸಿ ನಿಲ್ಲಲ್ಲ, ಮರಳಲ್ಲೇ ಸಣ್ಣ ಕಾಲುವೆ ತೋಡತ್ತೆ! ಗಾಳಿಗೆ ಅಡ್ಡಲಾಗಿ ಉದ್ದಕ್ಕೆ ನಡೀತಾ ಹೋಗತ್ತೆ, ಎರಡೂ ಪಕ್ಕ ಸಣ್ಣ ಏರಿ ಏಳತ್ತೆ, ನಮ್ಮ ತೋಟದಲ್ಲಿ ಬದು ಹಾಕಿದ ಹಾಗೆ. ಆ ಏರಿಗೆ ಸುತ್ತಲ ಮರಳಿಗಿಂತ ಜಾಸ್ತಿ ಮಂಜು ಹಿಡಿಯತ್ತೆ, ಆಮೇಲೆ ಅದೇ ದಾರೀಲಿ ವಾಪಸ್ ಬಂದು ಏರಿಯ ತೇವ ಹೀರ್ಕೊಳ್ಳತ್ತೆ. ಇದನ್ನೂ 1976ರಲ್ಲೇ ಆ ಹ್ಯಾಮಿಲ್ಟನ್ ಮತ್ತು ಸೀಲಿ ಅವರೇ ವರದಿ ಮಾಡಿದ್ದು. ಬೆಳಕು ಹರಿಯೋ ಹೊತ್ತಲ್ಲಿ ಟಾರ್ಚನ್ನ ನೆಲಕ್ಕೆ ಸಮಾನಾಂತರವಾಗಿ ಓರೆ ಹಿಡಿದ್ರೆ ಮರಳ ಮೇಲೆ ಜೋಡಿ ಗೆರೆ ನೆರಳು ಬೀಳತ್ತೆ, ಅದೇ ಆ ಕಾಲುವೆ.

ಹಗಲಿನ ಜೀರುಂಡೆಗೆ ಬೇರೆ ಲೆಕ್ಕ. ಒನಿಮ್ಯಾಕ್ರಿಸ್ ಪ್ಲಾನಾ ಅಂತ ಅಗಲ ಚಪ್ಪಟೆ ಮೈ, ಉದ್ದ ಕಾಲಿನ ಜಾತಿ ಇದೆ, ಸೆಕೆಂಡಿಗೆ ಹತ್ರ ಹತ್ರ ಒಂದು ಮೀಟರ್ ಓಡತ್ತೆ. ಇದಕ್ಕೆ ನಾರಾ ಪೊದೆ ಹತ್ರ ಕೂರಿ. ನಾರಾ ಅಂದ್ರೆ ಎಲೆ ಇಲ್ಲದ ಮುಳ್ಳಿನ ಸೌತೆ ಜಾತಿ ಗಿಡ, ಟಾಪ್ನಾರ್ ಜನ ಇದರ ಹಣ್ಣು, ಬೀಜ ತಿಂತಾರೆ, ಹೆಸರು ಹೇಳುವಾಗ ಮೊದಲು ನಾಲಿಗೆಯಿಂದ ಟಕ್ ಅಂತ ಒಂದು ಸದ್ದು ಬರತ್ತೆ. ಬೆಳಿಗ್ಗೆ ಮರಳು ಬೆಚ್ಚಗಾದ ಮೇಲೆ ಒಂದೆರಡು ಗಂಟೆ, ಆಮೇಲೆ ಸಂಜೆ ಬಿಸಿಲಿಳಿದಾಗ. ಬೇಸಿಗೆ ಮಧ್ಯಾಹ್ನ ಮರಳು 60 ಡಿಗ್ರಿ ದಾಟತ್ತೆ, ಆಗ ಅವೂ ಮರಳೊಳಗೆ, ನೀವೂ ನೆರಳಲ್ಲಿರಿ. ಓಡೋವಾಗ ಮೈ ಎತ್ತರಿಸ್ಕೊಂಡು ಓಡತ್ತೆ ನೋಡಿ, ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ ಬಂದ್ರೇನೇ ಗಾಳಿ ಎಷ್ಟೋ ತಂಪು, ಜೊತೆಗೆ ಓಡೋ ವೇಗಕ್ಕೆ ಗಾಳಿ ಬೀಸಿ ಮೈ ಇನ್ನೂ ತಣ್ಣಗಾಗತ್ತೆ ಅಂತ ಅಳೆದೇ ನೋಡಿದ್ದಾರೆ. ಹಾರಬಹುದಲ್ಲ ಅಂತೀರಾ? ಹಾರಲ್ಲ. ಬೆನ್ನಿನ ಎರಡು ಗಟ್ಟಿ ರೆಕ್ಕೆ ಒಂದಕ್ಕೊಂದು ಬೆಸೆದು ಚಿಪ್ಪಾಗಿದೆ, ಚಿಪ್ಪಿನ ಕೆಳಗೆ ಒಂದು ಗಾಳಿ ಕೋಣೆ ಇದೆ, ಉಸಿರಾಡೋ ರಂಧ್ರಗಳು ಆ ಕೋಣೆಗೆ ತೆರ್ಕೊಳ್ತವೆ, ಹಾಗಾಗಿ ಉಸಿರಿನ ಜೊತೆ ತೇವ ಸುಮ್ನೆ ಹೊರಗೆ ಹೋಗಲ್ಲ. ರೆಕ್ಕೆ ಬಿಟ್ಕೊಟ್ಟು ನೀರು ಉಳಿಸ್ಕೊಂಡಿವೆ.

ಹೆಜ್ಜೆ ಓದೋದು ಕಲೀರಿ, ಅರ್ಧ ಕೆಲಸ ಅದ್ರಲ್ಲೇ ಆಗತ್ತೆ. ಜೀರುಂಡೆ ಒಂದು ಸಲಕ್ಕೆ ಮೂರು ಕಾಲು ಊರತ್ತೆ, ಹಾಗಾಗಿ ಎರಡು ಸಾಲಲ್ಲಿ ಸೂಜಿ ಚುಚ್ಚಿದಂಥ ಚುಕ್ಕಿ ಗುಂಪುಗಳು, ರಂಗೋಲಿ ಎಳೆ ಥರ. ನಡುವೆ ಬಾಲದ ಗೆರೆ ಇದ್ರೆ ಅದು ಹಲ್ಲಿ. ಒಂದಕ್ಕೊಂದು ತಾಗದ ಓರೆ ಗೆರೆಗಳು ಸಾಲಾಗಿದ್ರೆ ಹುಷಾರು, ಅದು ಪೆರಿಂಗೇ ಅನ್ನೋ ಸಣ್ಣ ವಿಷದ ಹಾವು, ಮರಳಲ್ಲಿ ಮೈ ಹೂತ್ಕೊಂಡು ಕಣ್ಣು ಮಾತ್ರ ಹೊರಗಿಟ್ಟಿರತ್ತೆ, ಅದಕ್ಕೇ ಬರಿಗಾಲಲ್ಲಿ ಓಡಾಡ್ಬೇಡಿ, ಪೊದೆ ಬುಡಕ್ಕೆ ಕೈ ಹಾಕ್ಬೇಡಿ. ಮರಳ ಮೇಲ್ಮೈ ಉಬ್ಬಿ ಸುರಂಗ ಕುಸಿದ ಹಾಗೆ ಉದ್ದಕ್ಕೆ ಹೋಗಿದ್ರೆ ಅದು ಚಿನ್ನದ ಮೋಲ್ ಅನ್ನೋ ಕಣ್ಣು ಕಾಣದ ಪುಟ್ಟ ಪ್ರಾಣಿ. ಜೀರುಂಡೆ ಚುಕ್ಕಿ ಸಾಲು ಪೊದೆ ಕಡೆ ಹೋಗಿ ದಿಢೀರಂತ ನಿಂತೋಗಿದ್ರೆ ಪೊದೆ ಒಳಗೆ ನಿಧಾನಕ್ಕೆ ನೋಡಿ, ನಮಾಕ್ವಾ ಊಸರವಳ್ಳಿ ಇರ್ಬಹುದು, ಅದಕ್ಕೆ ಟಾಕ್‌ಟಾಕಿ ಅಂದ್ರೆ ಪ್ರಾಣ. ಒಂದು ಉಪಾಯ ಹೇಳ್ತೀನಿ: ಸಂಜೆ ಪೊದೆ ಹತ್ರ ಚಾಪೆಯಷ್ಟು ಜಾಗವನ್ನ ಟವೆಲ್ ಎಳೆದು ಸಮ ಮಾಡಿ, ಬೆಳಿಗ್ಗೆ ಬಿಸಿಲು ಓರೆ ಬೀಳೋ ಹೊತ್ತಲ್ಲಿ ಬಂದು ನೋಡಿ. ರಾತ್ರಿ ಯಾರ್ಯಾರು ಬಂದು ಹೋದ್ರು ಎಲ್ಲ ಬರೆದಿಟ್ಟ ಹಾಗಿರತ್ತೆ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳಲ್ಲ. ಗುಡ್ಡದ ಮೇಲೆ ಲೆನ್ಸ್ ಬದಲಾಯಿಸ್ಬೇಡಿ, ಮರಳು ಒಳಗೆ ಹೋದ್ರೆ ಮುಗೀತು. ಬೆಚ್ಚನೆ ರೂಮಿಂದ ನೇರ ಮಂಜಿಗೆ ತರ್ಬೇಡಿ, ರಾತ್ರಿನೇ ಬ್ಯಾಗ್ ಸಮೇತ ಹೊರಗಿಟ್ಟಿರಿ. ಓಡೋ ಜೀರುಂಡೆಗೆ ಶಟರ್ 1/2000 ಇಟ್ಕೊಳ್ಳಿ. ಮೊಬೈಲೇ ಇದ್ರೆ ಜೀರುಂಡೆ ಬಿಟ್ಟು ಹೆಜ್ಜೆ ಸಾಲಿನ ಫೋಟೋ ತೆಗೀರಿ, ಅದ್ಭುತವಾಗಿ ಬರತ್ತೆ.

ಗಾಡಿ ಜಲ್ಲಿ ರಸ್ತೆ ಬಿಟ್ಟು ಇಳಿಸ್ಬೇಡಿ. ಮರಳ ಮೇಲಿನ ಹೆಜ್ಜೆಯನ್ನ ಗಾಳಿ ಒಂದೇ ದಿನದಲ್ಲಿ ಅಳಿಸತ್ತೆ, ಆದ್ರೆ ಜಲ್ಲಿ ಬಯಲಲ್ಲಿ ಟೈರ್ ಗುರುತು ದಶಕಗಟ್ಟಲೆ ಉಳಿಯತ್ತೆ, ಕಲ್ಲಿಗಂಟಿರೋ ಕಲ್ಲುಹೂವು ಪುಡಿಯಾಗತ್ತೆ. ಅದೂ ಮಂಜನ್ನೇ ನಂಬ್ಕೊಂಡಿರೋ ಜೀವ. ನೆನಪಿಗೆ ಅಂತ ಸತ್ತ ಜೀರುಂಡೆ ಚಿಪ್ಪನ್ನೂ ತರ್ಬೇಡಿ, ಪರ್ಮಿಟ್ ಇಲ್ಲದೆ ಸಂಗ್ರಹ ಮಾಡೋ ಹಾಗಿಲ್ಲ.

ಕೊನೇ ದಿನ ಟೆಂಟ್ ಬಿಚ್ಚುವಾಗ ಒಮ್ಮೆಲೇ ಎಳೀಬೇಡಿ. ಒಂದು ಮೂಲೆ ನಿಧಾನಕ್ಕೆ ಎತ್ತಿ ಕೆಳಗೆ ನೋಡಿ, ಟೆಂಟ್ ಅಡಿ ತಂಪಿಗೆ ಎರಡು ಮೂರಾದ್ರೂ ಸೇರ್ಕೊಂಡಿರ್ತವೆ. ಚೇಳೂ ಇರ್ಬಹುದು, ಹಾಗಾಗಿ ಕೈ ಹಾಕ್ಬೇಡಿ, ಒಂದು ಕಾರ್ಡ್‌ಬೋರ್ಡ್ ತುಂಡು ಮುಂದೆ ಹಿಡೀರಿ, ಜೀರುಂಡೆ ತಾನೇ ಹತ್ತತ್ತೆ. ಹತ್ತಿರದ ಪೊದೆ ನೆರಳಿಗೆ ತಗೊಂಡೋಗಿ ಬಿಡಿ, ಬಿಟ್ಟ ತಕ್ಷಣ ತಲೆ ಹಾಕಿ ಮರಳೊಳಗೆ ಈಜ್ಕೊಂಡು ಹೋಗತ್ತೆ, ನಾಲ್ಕೈದು ಸೆಕೆಂಡಲ್ಲಿ ಮೇಲೆ ಏನೂ ಉಳಿದಿರಲ್ಲ.